ಅವನ ಬದಲಿಗೆ ತಿಂದ ಊಟಗಳು

ಹೋಟೆಲಿನಲ್ಲಿ ಒಬ್ಬನೇ ಕೂತು ತಿನ್ನುವಾಗಲೂ ನನ್ನ ತಲೆಯೊಳಗೆ ಮಾತು ಹುಟ್ಟುತ್ತದೆ. ದೋಸೆಯ ಅಂಚು ಗರಿಯಾಗಿದೆ, ನಡುವೆ ಮೆತ್ತಗಿದೆ, ಚಟ್ನಿಗೆ ಹುರಿಗಡಲೆ ಜಾಸ್ತಿ ಬಿದ್ದಿದೆ, ಉಪ್ಪು ಒಂದು ಚಿಟಿಕೆ ಮುಂದಿದೆ. ಯಾರೂ ಕೇಳಿರುವುದಿಲ್ಲ. ಆದರೂ ಎದುರಿನ ಖಾಲಿ ಕುರ್ಚಿಗೆ ಅಷ್ಟನ್ನು ಹೇಳಿ ಮುಗಿಸದೆ ಎರಡನೆಯ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮನಸ್ಸಿನಲ್ಲೇ ಹೇಳುತ್ತೇನೆ, ಅಷ್ಟು ಎಚ್ಚರವಿದೆ. ಒಂದು ಸಲ ಚಿಂತಾಮಣಿಯಲ್ಲಿ ಮಾತ್ರ ತುಟಿ ಅಲ್ಲಾಡಿರಬೇಕು. ನೀರು ತಂದಿಟ್ಟವನು, "ಏನ್ ಸಾರ್, ಏನಾದ್ರೂ ಬೇಕಿತ್ತಾ?" ಅಂದ. ಏನೂ ಇಲ್ಲಪ್ಪ ಅಂದೆ.

ಆ ಕುರ್ಚಿಯಲ್ಲಿ ಕೂರುತ್ತಿದ್ದವನು ನನ್ನ ಗೆಳೆಯ. ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದ, ಮನೆ ಜಂಗಮಕೋಟೆಯಲ್ಲಿ. ನಾನು ಶಿಡ್ಲಘಟ್ಟದಲ್ಲೇ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಜೊತೆಗಿದ್ದ ಮೂರನೆಯವನು ಗೌರಿಬಿದನೂರಿನ ಕಡೆಯ ಮೇಷ್ಟ್ರು. ಮನೆಮಾತು ತೆಲುಗು. ನಮ್ಮೂರಿನ ಶಾಲೆಗೆ ವರ್ಗವಾಗಿ ಬಂದಾಗ ಟೈಲರ್ ಅಂಗಡಿಯ ಮೇಲಿನ ರೂಮಿನಲ್ಲಿದ್ದ. ಆಮೇಲೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ಹೋದರೂ ಭಾನುವಾರ ಮಾತ್ರ ನಮ್ಮದೇ.

ಭಾನುವಾರ ಎಂದರೆ ತಿನ್ನಲು ಹೋಗುವ ದಿನ. ಎಲ್ಲಿಗೆ ಎಂದು ತೀರ್ಮಾನ ಮಾಡುವವನು ಟೈಲರ್. ಗೌರಿಬಿದನೂರಿಗೆ ಹೋದರೆ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದ ಉಗ್ಗಾನಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಮುರುಗಮಲ್ಲದ ಕಡೆ ಹೋದರೆ ಬಿರಿಯಾನಿ. ಚಿಂತಾಮಣಿ ರಸ್ತೆಯಲ್ಲಿ ತಗಡಿನ ಮಾಡಿನ ಒಂದು ಮುದ್ದೆ ಹೋಟೆಲಿತ್ತು. ಅಲ್ಲಿನ ನಾಟಿಕೋಳಿ ಸಾರು ಎಂದರೆ ಅವನಿಗೆ ಪ್ರಾಣ. ಅಲ್ಲಿಗೆ ಹೋಗುವ ದಿನ ಬೆಳಗಿನ ತಿಂಡಿ ಮುಟ್ಟುತ್ತಿರಲಿಲ್ಲ. "ಹೊಟ್ಟೆ ಒಗೆದು ಒಣಗ್ಸಿದೀನಿ ಕಣೋ," ಎನ್ನುತ್ತಿದ್ದ.

ತಿನ್ನುವಾಗ ಅವನು ಮಾತಾಡುತ್ತಿರಲಿಲ್ಲ. ಮೂಳೆ ಚೀಪಿ ಎಲೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದ, ಬಟ್ಟೆಗೆ ಗುಂಡಿ ಇಟ್ಟು ನೋಡುವವನ ಹಾಗೆ. ಎಲ್ಲ ಮುಗಿದು ಕೈ ತೊಳೆದು ಬಂದ ಮೇಲೆ ಒಂದೇ ಒಂದು ಮಾತು ಹೇಳುತ್ತಿದ್ದ. ಆ ಮಾತು ಸರಿಯಾಗಿಯೇ ಇರುತ್ತಿತ್ತು.

ಆಮೇಲೆ ಅವನ ಕಾಲು ಊದಿಕೊಂಡಿತು. ಮುಖ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಕಾಣಿಸತೊಡಗಿತು. ಕಿಡ್ನಿ ಅಂದರು. ಡಾಕ್ಟರು ಬಹಳ ಹೇಳಿದರು, ಅವನ ಮನಸ್ಸಿಗೆ ಹೊಕ್ಕಿದ್ದು ಒಂದೇ: ಉಪ್ಪು ಬಿಡಬೇಕು.

ಬಿಟ್ಟ. ನಾವು ಅಂದುಕೊಂಡದ್ದಕ್ಕಿಂತ ಕಟ್ಟುನಿಟ್ಟಾಗಿ ಬಿಟ್ಟ. ಮಗಳು ಆಗ ಹೈಸ್ಕೂಲಿನಲ್ಲಿದ್ದಳು, ಅವಳ ಮುಖ ನೋಡಿ ಬಿಟ್ಟಿರಬೇಕು. ಭಾನುವಾರಗಳೂ ನಿಲ್ಲುತ್ತವೆ ಎಂದು ನಾನು ಮೇಷ್ಟ್ರು ಮಾತಾಡಿಕೊಂಡೆವು. ಮುಂದಿನ ಭಾನುವಾರ ಅವನೇ ಫೋನ್ ಮಾಡಿ, "ಎಲ್ರೋ ಇದೀರ, ಹೊರಡಲ್ವಾ?" ಅಂದ.

ಆ ದಿನ ಅದೇ ಮುದ್ದೆ ಹೋಟೆಲಿಗೆ ಹೋದೆವು. ಎರಡು ಎಲೆ ಹಾಕಿಸಿದ. ತಾನು ನಮ್ಮ ಎದುರು ಕೂತ. ಸಾರು ಬಂದಾಗ ಕಣ್ಣು ಮುಚ್ಚಿ ಹಬೆ ಎಳೆದುಕೊಂಡ.

"ತಿನ್ರೋ. ತಿಂದು ಹೇಳ್ರಿ."

"ಏನ್ ಹೇಳೋದು?" ಅಂದೆ.

"ಹೇಗಿದೆ ಅಂತ."

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನೋ? ಕತ್ತರಿ ತಪ್ಪಿ ಕೆಡಿಸಿದ್ ಜುಬ್ಬಾನೂ ಚೆನ್ನಾಗಿದೆ ಅಂತ ಹಾಕ್ಕೊಂಡ್ ಹೋಗ್ತಾರೆ ಜನ. ಸರಿಯಾಗಿ ಹೇಳಪ್ಪ. ಮೊದ್ಲು ಏನ್ ತಾಕ್ತು ನಾಲಿಗೆಗೆ?"

ಮೇಷ್ಟ್ರು ನಕ್ಕ. "ಇವನ್ನ ಕೇಳ್ತೀಯಲ್ರಾ. ದಿನಾ ಗೂಡು ಬೇಯ್ಸೋ ವಾಸನೆ ಕುಡ್ದು ಕುಡ್ದು ಇವನ ಮೂಗು ಎಂದೋ ಸತ್ತೋಗಿದೆ."

"ನಿನ್ನ ಕೇಳಿದ್ರೆ ಪಾಠ ಮಾಡ್ತೀಯ. ಇವನೇ ಹೇಳ್ಲಿ," ಅಂದ ಟೈಲರ್.

ನಾನು ಹೆಚ್ಚು ಮಾತಾಡುವವನಲ್ಲ. ಓದಿದ್ದು ಹತ್ತನೆಯ ತರಗತಿ. ನನಗೆ ಬಂದ ಹಾಗೆ ಹೇಳಿದೆ. ಮೊದಲು ಉಪ್ಪು ತಾಕಿತು, ಹಿಂದೆಯೇ ಮೆಣಸು, ಸುಟ್ಟ ಈರುಳ್ಳಿಯ ಸಿಹಿ ಗಂಟಲಿನ ಹತ್ತಿರ, ಆಮೇಲೆ ಹುರಿದ ಧನಿಯ. ಅವನು ಕೇಳುತ್ತ ಕೇಳುತ್ತ ಉಗುಳು ನುಂಗಿದ. ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿದದ್ದನ್ನು ನಾನು ನೋಡಿದೆ. "ಹಾಂ. ಈಗ ತಿಂದಂಗಾಯ್ತು," ಅಂದ.

ಅಲ್ಲಿಂದ ಮುಂದೆ ಅದು ನನ್ನ ಕೆಲಸವಾಯಿತು. ಪ್ರತಿ ಭಾನುವಾರ ಅವನ ಬದಲಿಗೆ ತಿಂದು ಅವನಿಗೆ ಹೇಳುವುದು. ನಾಲಿಗೆ ಅಷ್ಟು ಸೂಕ್ಷ್ಮವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಒಗ್ಗರಣೆಯಲ್ಲಿ ಸಾಸಿವೆ ಸೀದಿದ್ದರೆ ಗೊತ್ತಾಗುತ್ತಿತ್ತು. ಬಜ್ಜಿಯ ಹಿಟ್ಟಿಗೆ ಓಮ ಹಾಕಿದ್ದಾರೋ ಜೀರಿಗೆಯೋ ಗೊತ್ತಾಗುತ್ತಿತ್ತು. ಘಟಕದಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ಗೂಡಿನಿಂದ ಎಳೆ ಹುಡುಕುವಾಗಲೂ, ನಾಳಿದ್ದು ಏನು ತಿನ್ನುತ್ತೇವೆ, ಅದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ.

ಕೊನೆಯ ಸಲ ಮಾತಾಡಿದ್ದು ಆಸ್ಪತ್ರೆಯಲ್ಲಿ. ಅವನ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಅವನಿಗೆ ಕಣ್ಣು ಪೂರ್ತಿ ತೆರೆಯಲು ಆಗುತ್ತಿರಲಿಲ್ಲ.

"ಬೆಳಿಗ್ಗೆ ಏನ್ ತಿಂದೆ?" ಅಂದ.

"ಉಪ್ಪಿಟ್ಟು. ಇಲ್ಲೇ ಕ್ಯಾಂಟೀನಲ್ಲಿ."

"ಈರುಳ್ಳಿ ಬೆಂದಿತ್ತಾ?"

"ಅರ್ಧ ಬೆಂದಿತ್ತು."

"ಥೂ," ಅಂದು ಸ್ವಲ್ಪ ನಕ್ಕ. ಮಾರನೆಯ ದಿನ ಹೋದ.

ಅವನು ಹೋದ ಮೇಲೆ ನಾನು ಮೇಷ್ಟ್ರು ಒಂದು ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಸೇರಿದೆವು. ಮಸಾಲೆ ದೋಸೆ ಬಂತು. ಇಬ್ಬರೂ ಎದುರುಬದುರು ಕೂರದೆ ಅಕ್ಕಪಕ್ಕ ಕೂತಿದ್ದೆವು. ಎದುರಿನ ಬೆಂಚು ಖಾಲಿ. ಒಬ್ಬರು ಬಂದು, "ಯಾರಾದ್ರೂ ಬರ್ತಾರಾ ಇಲ್ಲಿ?" ಎಂದು ಕೇಳಿದರು. ಮೇಷ್ಟ್ರು ಹೂಂ ಅಂದುಬಿಟ್ಟ. ದೋಸೆ ತಿಂದು ಮುಗಿಯುವವರೆಗೂ ಆ ಬೆಂಚಿಗೆ ಯಾರೂ ಕೂರಲಿಲ್ಲ. ಅದಾದ ಮೇಲೆ ಅವನೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ.

ಅವನು ಹೋಗಿ ವರ್ಷ ತುಂಬಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬಕ್ಕೆ ಅವನ ಹೆಂಡತಿಯ ಫೋನ್ ಬಂತು. ನಮ್ಮ ಕಡೆ ಪಿತೃಪಕ್ಷದ ಅಮಾವಾಸ್ಯೆಯ ದಿನ ಸತ್ತವರಿಗೆ ಅವರು ಇಷ್ಟಪಟ್ಟದ್ದನ್ನು ಮಾಡಿ ಎಡೆ ಇಡುತ್ತಾರೆ. ಎಲೆ ತುಂಬ ಬಡಿಸಿ, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗೆ ಅವರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಬೇಕು.

"ನೀವೂ ಮೇಷ್ಟ್ರೂ ಬರ್ಲೇಬೇಕಣ್ಣ," ಅಂದಳು. "ನಿಮ್ಮನ್ನ ಒಂದು ಕೇಳ್ಬೇಕಿತ್ತು. ನಿಮ್ ಜೊತೆ ಬಂದಾಗ ಏನಾದ್ರೂ ತಿಂತಿದ್ರಾ ಅವರು? ಉಪ್ಪಿಂದು?"

ಇಲ್ಲ ಅಂದೆ. ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ ಅಂದೆ. ಅದು ನಿಜ.

"ತಿಂದಿರ್ತಾರೆ ಅಂದ್ಕೊಂಡಿದ್ದೆ. ಕದ್ದಾದ್ರೂ ತಿಂದಿರ್ಲಿ ಅಂತಿದ್ದೆ. ಹಂಗಾದ್ರೆ ಉಪ್ಪಿಲ್ದೇನೇ ಹೋಗ್ಬಿಟ್ರು." ಆಮೇಲೆ ಅಂದಳು, "ಒಂದ್ ಊಟ ಆದ್ರೂ ಸರಿಯಾಗಿ ಉಪ್ಪು ಹಾಕಿ ಇಡ್ತೀನಣ್ಣ. ಯಾವ್ ಸಾರು ಅಂತ ಹೇಳಿ."

ಮುದ್ದೆ ಹೋಟೆಲಿನ ಸಾರನ್ನು ಫೋನಿನಲ್ಲೇ ಹೇಳಿದೆ. ಈರುಳ್ಳಿಯನ್ನು ಕೆಂಡದಲ್ಲಿ ಸುಡಬೇಕು, ಕೊಬ್ಬರಿ ಕಡಿಮೆ, ಧನಿಯ ಹುರಿದು ಹಾಕಬೇಕು, ಖಾರಕ್ಕೆ ಮೆಣಸೇ ಹೆಚ್ಚು. ಆಕೆ ಹೂಂ, ಹೂಂ ಎಂದು ಕೇಳಿಸಿಕೊಂಡಳು. ಅವನು ಕೇಳಿಸಿಕೊಳ್ಳುತ್ತಿದ್ದುದೂ ಹಾಗೆಯೇ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಮೇಷ್ಟ್ರೂ ನಾನೂ ಜಂಗಮಕೋಟೆಗೆ ಹೋದೆವು. ಮನೆಯಲ್ಲಿ ಆಕೆ ಮತ್ತು ಮಗಳು ಇಬ್ಬರೇ. ಮಗಳು ಈಗ ಪಿಯುಸಿ. ಬೀದಿಗೆ ಕಾಲಿಡುವಾಗಲೇ ಸುಟ್ಟ ಈರುಳ್ಳಿಯ ವಾಸನೆ ಬಂತು. ಮೇಷ್ಟ್ರು ನಿಂತುಬಿಟ್ಟ. "ಅದೇ ವಾಸನೆ ರಾ," ಅಂದ.

ಎಡೆಯ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು. ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕುವುದೂ ಇಲ್ಲ. ಕೈ ಅಂದಾಜಿನಲ್ಲೇ ಮಾಡಬೇಕು. ಅವರ ಮನೆಯಲ್ಲಿ ಎಡೆಯ ಎಲೆಗೆ ಬಿಡಿ ಉಪ್ಪು ಬಡಿಸುವ ಪದ್ಧತಿಯೂ ಇಲ್ಲ. ಫೋಟೊದ ಮುಂದೆ ಎಲೆ ಹಾಕಿ ಮುದ್ದೆ, ಅನ್ನ, ಸಾರು, ಪಾಯಸ ಬಡಿಸಿದಳು. ಸಾರಿನಲ್ಲಿ ತೊಡೆಯ ತುಂಡನ್ನು ಹುಡುಕಿ ಇಟ್ಟಳು. ಫೋಟೊದಲ್ಲಿ ಅವನು ಮುಖ ಊದುವುದಕ್ಕೆ ಮುಂಚಿನವನು, ಕೊರಳಲ್ಲಿ ಅಳತೆ ಟೇಪು. ಆಕೆ ಕೈ ಮುಗಿದು, "ಊಟ ಮಾಡಿ. ಇವತ್ತು ಎಲ್ಲಾ ಹಾಕಿದೀನಿ," ಅಂದಳು.

ನಾವು ಹೊರಗೆ ಬಂದೆವು. ಬಾಗಿಲು ಮುಚ್ಚಿದೆವು. ಜಗಲಿಯ ಮೇಲೆ ನಾಲ್ವರೂ ಕೂತೆವು. ಒಳಗೆ ಲೋಟ ತಗುಲಿದಂತೆ ಸಣ್ಣ ಸದ್ದಾಯಿತು. ಬೆಕ್ಕು ಇರಬಹುದು, ಆದರೆ ಆ ಮನೆಯಲ್ಲಿ ಬೆಕ್ಕಿಲ್ಲ. ಮಗಳು ಅಮ್ಮನ ಕಡೆ ನೋಡಿದಳು. ನನ್ನ ಬಾಯಿಯಲ್ಲಿ ಉಗುಳು ತುಂಬಿತು, ನುಂಗಿಕೊಂಡೆ. ಇದೊಂದು ಸಲ ನಾನು ಹೇಳಬೇಕಿಲ್ಲ, ಅವನೇ ತಿನ್ನುತ್ತಾನೆ ಅನ್ನಿಸಿತು.

ಬಾಗಿಲು ತೆಗೆದ ಮೇಲೆ ನನಗೂ ಮೇಷ್ಟ್ರಿಗೂ ಎಲೆ ಹಾಕಿದಳು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಮೆಣಸಿತ್ತು. ಈರುಳ್ಳಿಯ ಸಿಹಿ ಇತ್ತು. ಧನಿಯ ಇತ್ತು. ಉಪ್ಪು ಇರಲಿಲ್ಲ. ಸ್ವಲ್ಪವೂ ಇರಲಿಲ್ಲ.

ಮೇಷ್ಟ್ರು ನನ್ನ ಕಡೆ ನೋಡಿದ. ನಾನು ಎಲೆಯ ಕಡೆ ನೋಡಿದೆ. ಇಬ್ಬರೂ ತುತ್ತಿನ ಮೇಲೆ ತುತ್ತು ನುಂಗುತ್ತ ಹೋದೆವು. ಹೇಳುವುದು ಹೇಗೆ? ಆಕೆ ಬಾಗಿಲಿಗೆ ಒರಗಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮಗಳು ಅಡುಗೆಮನೆಯಿಂದ ಉಪ್ಪಿನ ಬಟ್ಟಲು ತಂದು ನಮ್ಮಿಬ್ಬರ ಎಲೆಯ ತುದಿಗೂ ಒಂದೊಂದು ಚಿಟಿಕೆ ಹಾಕಿದಳು. ಅವಳು ಸಾರಿನ ರುಚಿ ನೋಡಿರಲಿಲ್ಲ. ಆ ಮನೆಯಲ್ಲಿ ಅಪ್ಪನಿಗಾಗಿ ಪಾತ್ರೆಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದರು. ಬೇಕಾದವರು ತಟ್ಟೆಗೆ ಹಾಕಿಸಿಕೊಳ್ಳುವುದು. ಅವನು ಹೋದ ಮೇಲೂ ಅದೇ ರೂಢಿ ನಡೆದುಬಂದಿತ್ತು. ಅವಳು ದಿನವೂ ಮಾಡುವುದನ್ನು ಮಾಡಿದಳು, ಅಷ್ಟೆ.

ತಾಯಿ ಆ ಬಟ್ಟಲನ್ನು ನೋಡಿದಳು. ಆಮೇಲೆ ನಮ್ಮ ಮುಖ ನೋಡಿದಳು. ಒಳಗೆ ಹೋಗಿ ಸಾರಿನ ಪಾತ್ರೆಗೆ ಬೆರಳು ಅದ್ದಿ ಬಾಯಿಗಿಟ್ಟಳು. ಒಲೆಯ ಪಕ್ಕದಲ್ಲಿ ಆ ದಿನಕ್ಕೆಂದೇ ತರಿಸಿದ್ದ ಕಲ್ಲುಪ್ಪಿನ ಪೊಟ್ಟಣ ಮೂಲೆ ಕತ್ತರಿಸಿ ಇಟ್ಟ ಹಾಗೆಯೇ ತುಂಬಿತ್ತು.

"ಹಾಕ್ದೆ ಅಂದ್ಕೊಂಡಿದ್ದೆ," ಅಂದಳು. "ಕೈ ಮರ್ತ್ಬಿಟ್ಟಿದೆ." ಅಲ್ಲೇ ನೆಲಕ್ಕೆ ಕೂತಳು.

ಮೇಷ್ಟ್ರು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. "ಪರವಾಗಿಲ್ಲಮ್ಮ. ಹೋದವರಿಗೆ ವಾಸನೆ ಸಾಕು ಅಂತಾರೆ ದೊಡ್ಡೋರು. ವಾಸನೇಲೇ ತೃಪ್ತಿ ಆಗುತ್ತಂತೆ."

"ವಾಸನೇಲೇ ಇದ್ರಲ್ಲ ಮೇಷ್ಟ್ರೇ, ಇರೋವಷ್ಟು ದಿನ. ಸಾಲ್ದಾ?"

ಆಕೆ ಎದ್ದಳು. ಪೊಟ್ಟಣದಿಂದ ಹಿಡಿ ಉಪ್ಪು ತೆಗೆದು ಸಾರಿಗೆ ಹಾಕಿ ಒಲೆ ಹಚ್ಚಿದಳು. ಫೋಟೊದ ಮುಂದಿನ ಎಲೆ ತೆಗೆದು ಹೊಸ ಎಲೆ ಹಾಕು ಎಂದು ಮಗಳಿಗೆ ಹೇಳಿದಳು.

"ಇನ್ನೊಂದ್ ಸಲ ಇಡ್ತೀಯಾಮ್ಮ?" ಮೇಷ್ಟ್ರು ಮೆಲ್ಲಗೆ ಕೇಳಿದ. "ನಾವು ಊಟಕ್ಕೆ ಕೂತಾಯ್ತಲ್ಲ. ನೀನೂ ಬೆರಳಿಟ್ಟೆ. ಎಂಜಲಾಯ್ತು ಅದು."

"ನಿಮ್ಮಿಬ್ರದ್ದೂ ಎಂಜಲಾ ಅವರಿಗೆ?" ಆಕೆ ಸೌಟು ತಿರುವುತ್ತಲೇ ಅಂದಳು. "ಅಂಗಡಿ ಮೇಲಿನ ರೂಮಲ್ಲಿ ಒಂದೇ ತಟ್ಟೇಲಿ ಚಿತ್ರಾನ್ನ ಕಲಸ್ಕೊಂಡು ಮೂರು ಜನಾನೂ ತಿಂತಿದ್ರಂತೆ. ಮದ್ವೆ ಆದ್ ಹೊಸ್ದ್ರಲ್ಲಿ ಹೇಳಿ ನಗ್ತಿದ್ರು. ನಂದಂತೂ ಬಿಡಿ."

ಸಾರು ಕುದಿಯಿತು. ಆಕೆ ಸೌಟಿನಿಂದ ನನ್ನ ಅಂಗೈಗೆ ನಾಲ್ಕು ತೊಟ್ಟು ಬಿಟ್ಟು, "ನೋಡಿ ಹೇಳಣ್ಣ," ಅಂದಳು. ಸುಡುತ್ತಿತ್ತು. ನೆಕ್ಕಿದೆ. ಇನ್ನೊಂದು ಚೂರು ಹಾಕು ಅಂದೆ. ಹಾಕಿದಳು. ಮತ್ತೆ ಕೊಟ್ಟಳು. ಸಾಕು ಅಂದೆ.

ಮತ್ತೆ ಬಡಿಸಿ, ದೀಪಕ್ಕೆ ಎಣ್ಣೆ ಹಾಕಿ, ಹೊರಗೆ ಬಂದು ಬಾಗಿಲು ಮುಚ್ಚಿದಳು. ಬಿಸಿಲು ಇಳಿದಿತ್ತು. ಎದುರು ಮನೆಯವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ನಾವು ಎರಡನೆಯ ಸಲ ಜಗಲಿಗೆ ಬಂದು ಕೂತದ್ದನ್ನು ವಿಚಿತ್ರವಾಗಿ ನೋಡಿದರು. ಒಳಗಿನಿಂದ ಈ ಸಲ ಏನೂ ಸದ್ದು ಬರಲಿಲ್ಲ. ಮಗಳು ತಾಯಿಯ ಭುಜಕ್ಕೆ ತಲೆಯಿಟ್ಟಳು. ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸಿನ ಹೊತ್ತಾಗಿತ್ತು, ಮೇಷ್ಟ್ರು ಗಡಿಯಾರ ನೋಡಿಕೊಂಡು ಕೈ ಕೆಳಗಿಟ್ಟ.

ಬಹಳ ಹೊತ್ತಾದ ಮೇಲೆ ನಾನು ಕೆಮ್ಮಿ ಬಾಗಿಲು ತೆಗೆಯಲೆಂದು ಎದ್ದೆ.

"ಇರಿ ಅಣ್ಣ," ಅಂದಳು ಆಕೆ. "ನಿಧಾನಕ್ಕೆ ತಿನ್ನೋರು ಅವರು."

ಕೂತೆ.