ರಂಗಪ್ಪನವರ ಪಾದ

ಕಣ್ಣಿಗೆ ಕಾಣದ ಸಂಗತಿಗಳೆಂದರೆ ನನಗೆ ಮೊದಲಿಂದಲೂ ತಾತ್ಸಾರ. ಮೈಮೇಲೆ ದೇವರು ಬಂತು, ಸತ್ತವರು ಕನಸಿಗೆ ಬಂದು ಮಾತಾಡಿದರು ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಇಂಥ ನಂಬಿಕೆಗಳು ಯಾಕೆ ಹುಟ್ಟುತ್ತವೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಈಗ ನಂಬುತ್ತೇನೆ ಎಂದು ಹೇಳುವುದಕ್ಕೂ ಇದನ್ನು ಬರೆಯುತ್ತಿಲ್ಲ. ನಡೆದದ್ದೆಲ್ಲ ನಡೆದ ಹಾಗೆಯೇ ನೆನಪಿದೆಯೇ ಎಂಬ ಅನುಮಾನವೂ ಇದೆ. ಹೇಳಿದ ಹಾಗೆಲ್ಲ ಸಂಗತಿಗಳು ನುಣುಪಾಗುತ್ತಾ ಹೋಗುತ್ತವೆ. ಅದಕ್ಕೇ ಇದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ಓದು ಮುಗಿದ ಮೇಲೆ ಎಲ್ಲೂ ಕೆಲಸ ಸಿಗದೆ, ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳ ಆರೈಕೆಯ ತರಬೇತಿಗೆ ಸೇರಿದೆ. ನಮ್ಮೂರು ನೊಣವಿನಕೆರೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ತರಬೇತಿ ಎಂಬುದು ಹೆಸರಿಗೆ. ಪಾಠ ಯಾವಾಗಲೋ ಒಮ್ಮೆ. ಉಳಿದಂತೆ ಸಂಬಳವಿಲ್ಲದ ಆಯಾ ಕೆಲಸ. ಹಾಸಿಗೆ ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಬೆನ್ನು ಹುಣ್ಣಾಗದಂತೆ ರೋಗಿಗಳನ್ನು ಮಗ್ಗುಲು ಬದಲಿಸಿ ಮಲಗಿಸುವುದು. ಕಲಿಸುತ್ತಿದ್ದ ಪುಷ್ಪಾ ಸಿಸ್ಟರ್ ಮಾತ್ರ, ನೋಡಿದ್ದನ್ನು ಹೇಳಿ, ಅಂದುಕೊಂಡದ್ದನ್ನು ಹೇಳಬೇಡಿ ಎನ್ನುತ್ತಿದ್ದರು. ಆ ಮಾತು ನನಗೆ ಹಿಡಿಸಿತ್ತು.

ನನ್ನ ಪಾಲಿಗೆ ಬಂದವರು ಹೊನ್ನವಳ್ಳಿಯ ರಂಗಪ್ಪ. ಕಂಡವರ ತೋಟಗಳಲ್ಲಿ ಮರ ಹತ್ತಿ ತೆಂಗಿನಕಾಯಿ ಕೀಳುವುದು ಅವರ ಕಸುಬು. ಮರದಿಂದ ಬಿದ್ದು ಬೆನ್ನುಹುರಿಗೆ ಏಟಾಗಿತ್ತು. ಕೈ ಆಡುತ್ತಿತ್ತು, ಮಾತು ಚೆನ್ನಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಕಾಲಿನಲ್ಲಿ ಸ್ಪರ್ಶ ಒಂದಿಷ್ಟಾದರೂ ಉಳಿದಿದ್ದರೆ ಬೆಂಗಳೂರಿಗೆ ಒಯ್ದು ಆಪರೇಷನ್ ಮಾಡಿಸಿ ನೋಡಬಹುದು, ಇಲ್ಲದಿದ್ದರೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಅವರ ಹೆಂಡತಿ ಲಕ್ಕಮ್ಮನಿಗೆ ಹೇಳಿದ್ದರು. ಆಕೆಯ ಪಾಲಿಗೆ ಎಲ್ಲವೂ ಆ ಎರಡು ಪಾದಗಳ ಮೇಲೆ ನಿಂತಿತ್ತು.

ಮೊದಲ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾ ಕಾಲಿನ ಕಡೆಗೆ ಬಂದಾಗ ರಂಗಪ್ಪ ತಡೆದರು.

“ಕಾಲ್ ಮುಟ್ಬ್ಯಾಡ ಕಣವ್ವ. ಓದಿರೋ ಮಗ ನೀನು. ನಂಗೆ ಪಾಪ ಸುತ್ಕತದೆ.”

ಪಕ್ಕದಲ್ಲಿ ಕೂತಿದ್ದ ಲಕ್ಕಮ್ಮ ಸುಮ್ಮನಿರಲಿಲ್ಲ. “ಮರದ್ ಮ್ಯಾಲ್ ನಿಂತ್ಕಂಡು ಊರೋರ್ ತಲೆ ಮ್ಯಾಲೆಲ್ಲ ಕಾಲಾಡ್ಸಿದ್ದಾಯ್ತು, ಈಗ ಪಾಪವಂತೆ.”

ನಾನು ಒರೆಸಿದೆ. ನಮ್ಮಲ್ಲಿ ಕಾಲು ಯಾರಿಗಾದರೂ ತಾಗಿದರೆ ತಕ್ಷಣ ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ರಂಗಪ್ಪ ಹಾಗೆ ಬರಿಗೈಯನ್ನು ಕಣ್ಣಿಗೊತ್ತಿಕೊಂಡರು. ಇನ್ನೊಂದು ಪಾದಕ್ಕೆ ಬಂದೆ, ಮತ್ತೆ ಒತ್ತಿಕೊಂಡರು. ಬಟ್ಟೆ ಹಿಂಡಿ ಮತ್ತೆ ಮುಟ್ಟಿದೆ, ಮತ್ತೆ. ಆಮೇಲೆ ಹೊಳೆಯಿತು. ಅವರು ಅಂಗಾತ ಮಲಗಿದ್ದರು, ಮಡಿಸಿಟ್ಟ ಹೊದಿಕೆ ಮಂಡಿಯ ಮೇಲೆ ಗುಡ್ಡೆಯಾಗಿ ಕಾಲನ್ನು ಮರೆಮಾಡಿತ್ತು. ನನ್ನ ಕೈ ಎಲ್ಲಿದೆ ಎಂಬುದು ಅವರಿಗೆ ಕಾಣುವಂತೆಯೇ ಇರಲಿಲ್ಲ.

ಮುಂದಿನ ದಿನಗಳಲ್ಲಿ ಬೇಕೆಂದೇ ತಡಮಾಡಿ, ಹೊತ್ತಲ್ಲದ ಹೊತ್ತಿನಲ್ಲಿ ಮುಟ್ಟಿ ನೋಡಿದೆ. ಅವರ ಕೈ ತಪ್ಪದೆ ಕಣ್ಣಿಗೆ ಹೋಗುತ್ತಿತ್ತು. ಗೊತ್ತಾಗುತ್ತದೆಯೇ ಎಂದು ಕೇಳಿದರೆ, “ಗೊತ್ತಾಗ್ತದೆ ಅಂತ ಅಲ್ಲ ಕಣವ್ವ, ಕೈ ತಾನೇ ಹೋಯ್ತದೆ” ಎಂದರು. ಲಕ್ಕಮ್ಮ ಇದನ್ನೆಲ್ಲ ನೋಡುತ್ತಿದ್ದರು. ಕೇಳಿದಾಗ, ಸ್ಪರ್ಶ ಇದ್ದ ಹಾಗೆ ಕಾಣುತ್ತದೆ ಎಂದೆ. ಆಕೆ ಅಂದೇ ಬೆಂಗಳೂರಿಗೆ ಹೊರಡುವ ತಯಾರಿ ಶುರುಮಾಡಿದರು.

ಡಾಕ್ಟರಿಗೂ ಹೇಳಿದೆ. ಅವರು ಎಲ್ಲರೆದುರು ಬಂದು ರಂಗಪ್ಪನವರ ಪಾದಕ್ಕೆ ಸೂಜಿ ಚುಚ್ಚಿ ನೋಡಿದರು. ಕೈ ಎದೆಯ ಮೇಲೇ ಇತ್ತು, ಅಲುಗಲಿಲ್ಲ. ಲಕ್ಕಮ್ಮ ತಾವೇ ಹಿಮ್ಮಡಿ ಉಜ್ಜಿದರು. ಏನೂ ಇಲ್ಲ. “ಎಂ.ಎ. ಮೇಡಂ, ನಾಳೆಯಿಂದ ರೌಂಡ್ಸಿಗೆ ನೀವೇ ಬನ್ನಿ” ಎಂದು ಹೇಳಿ ಡಾಕ್ಟರು ಹೋದರು. ಜೊತೆಯ ಹುಡುಗಿಯರು ನಕ್ಕರು. ನೋಡಿದ್ದನ್ನು ಹೇಳಿ ಎಂದಿದ್ದ ಪುಷ್ಪಾ ಸಿಸ್ಟರ್, ರೋಗಿಯ ಮನೆಯವರ ಜೊತೆ ಇನ್ನು ಮಾತು ಬೇಡ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ, ಒಳಗೇ ಉರಿಯುತ್ತಾ, ಮತ್ತೆ ಬೇಸಿನ್ ಹಿಡಿದು ಕೂತೆ. ಬಟ್ಟೆ ಹಿಂಡುತ್ತಾ, ಮೊದಲು ಬಲಗಾಲು ಎಂದುಕೊಂಡೆ. ರಂಗಪ್ಪನವರ ಕೈ ಕಣ್ಣಿಗೆ ಹೋಯಿತು. ನನ್ನ ಎರಡೂ ಕೈ ಇನ್ನೂ ನೀರಿನಲ್ಲಿದ್ದವು. ಭ್ರಮೆ ಎಂದುಕೊಂಡು ಸುಮ್ಮನೆ ಗೋಡೆ ನೋಡುತ್ತಾ ಕೂತೆ. ಅವರ ಕೈಯೂ ಸುಮ್ಮನಿತ್ತು. ಮತ್ತೆ ಮನಸ್ಸಿನಲ್ಲೇ ಆ ಪಾದ ಹಿಡಿದೆ. ಕೈ ಮೇಲೆದ್ದಿತು. ಅವರ ಕಣ್ಣುಗಳು ಮುಚ್ಚಿದ್ದವು.

ಬಟ್ಟೆ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹಾಗಾದರೆ ಅವರಿಗೆ ಗೊತ್ತಾಗುತ್ತಿದ್ದದ್ದು ನನ್ನ ಮನಸ್ಸೇ, ಆ ಕಾಲಿನಲ್ಲಿ ಏನೂ ಉಳಿದಿಲ್ಲವೇ? ಅಥವಾ ಉಳಿದಿದ್ದು, ಇದು ಬೇರೆಯೇ ಏನಾದರೂ ಆಗಿತ್ತೇ? ಲಕ್ಕಮ್ಮನಿಗೆ ನಾನು ಹೇಳಿದ್ದರಲ್ಲಿ ನೋಡಿದ್ದೆಷ್ಟು, ಅಂದುಕೊಂಡದ್ದೆಷ್ಟು ಎಂಬುದು ಗೊತ್ತಾಗದೆ ಹೋಯಿತು.

ಎರಡು ದಿನ ಬಿಟ್ಟು ಡಿಸ್ಚಾರ್ಜ್ ಮಾಡಿದರು. ರಂಗಪ್ಪನವರನ್ನು ವ್ಯಾನಿಗೆ ಹತ್ತಿಸಿದ್ದು ನಾವೇ. ಡ್ರೈವರ್ ಎಲ್ಲಿಗೆ ಎಂದು ಕೇಳಿದಾಗ ಲಕ್ಕಮ್ಮ ನನ್ನ ಕಡೆ ತಿರುಗಿದರು.

“ನೀನೇ ಹೇಳವ್ವ. ಡಾಕ್ಟ್ರು ಇಲ್ಲ ಅಂತಾರೆ. ಕಣ್ಣಾರೆ ಕಂಡೋಳು ನೀನು. ಬೆಂಗ್ಳೂರ್‌ಗೋ, ಊರ್‌ಗೋ?”

ನಾನು ವ್ಯಾನಿನ ಹೊರಗೆ ಕೈಕಟ್ಟಿ ನಿಂತಿದ್ದೆ. ಆ ಪಾದವನ್ನು ಕಡೆಯದಾಗಿ ಒಮ್ಮೆ ಹಿಡಿದು ನೋಡಿದ್ದರೆ ಎಂದು ಮನಸ್ಸು ಅದನ್ನೇ ಸುತ್ತುತ್ತಿತ್ತು. ರಂಗಪ್ಪ ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದರು.

“ಸಾಕು ಬುಡವ್ವ. ಎಷ್ಟ್ ಸಲ ಮುಟ್ತೀಯ.”

ಆಮೇಲೆ ಹೆಂಡತಿಗೆ, “ಊರ್‌ಗ್ ನಡಿಯೇ” ಎಂದರು. ವ್ಯಾನು ಹೊನ್ನವಳ್ಳಿ ಕಡೆಗೆ ಹೊರಟಿತು.

ನಾನು ತರಬೇತಿ ಮುಗಿಸಿದೆ. ಇವತ್ತಿಗೂ ಅದೇ ಕೆಲಸದಲ್ಲಿದ್ದೇನೆ. ಎಷ್ಟೋ ರೋಗಿಗಳ ಕಾಲು ಒರೆಸಿದ್ದೇನೆ, ಇಂಥದ್ದು ಮತ್ತೆ ಆಗಲಿಲ್ಲ. ಹೋದ ವರ್ಷ ಬಸ್ಸಿನಲ್ಲಿ ಲಕ್ಕಮ್ಮ ಸಿಕ್ಕರು. ಕೊರಳಲ್ಲಿ ತಾಳಿ ಇರಲಿಲ್ಲ. ಸರಿದು ಕೂತು ನನಗೆ ಜಾಗ ಮಾಡಿಕೊಟ್ಟರು. ಸುಮಾರು ದೂರ ಹೋದ ಮೇಲೆ, ಬೆಂಗಳೂರಿಗೆ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದರು, ಜಗಳದ ದನಿಯಲ್ಲೇನೂ ಅಲ್ಲ. ಗೊತ್ತಿಲ್ಲ ಎಂದೆ. ಆಕೆ ನಂಬಿದ ಹಾಗೆ ಕಾಣಲಿಲ್ಲ.