ಸಮುವೇಲ ಮಾಸ್ತರರ ಕುರಕುಂಭ

ಸಮುವೇಲ ಮಾಸ್ತರರು ಆರ್ಗನ್ ಮುಟ್ಟುವ ಮೊದಲು ಅರ್ಧ ನಿಂಬೆಹಣ್ಣಿನಿಂದ ಕೈ ತಿಕ್ಕಿಕೊಳ್ಳುತ್ತಿದ್ದರು. ವಾರದ ಆರು ದಿನ ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಫಿಟರ್ ಕೆಲಸ. ಅಲ್ಲಿಯ ವಾಸನೆ ಸಾಬೂನಿಗೆ ಜಗ್ಗುತ್ತಿರಲಿಲ್ಲ. ಏಳನೆಯ ದಿನ ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ, ಕಾಲಿನಿಂದ ತುಳಿದು ಗಾಳಿ ತುಂಬುವ ಹಳೆಯ ಆರ್ಗನ್ ಮುಂದೆ ಅವರು ಕೂತರೆಂದರೆ ಮೊದಲ ಸಾಲಿನವರೆಗೂ ನಿಂಬೆಯ ವಾಸನೆ. ಮೊದಲ ಸಾಲಿನಲ್ಲಿ ಕೂರುವ ದೊಡ್ಡವರಿಗೆ ಅದೂ ಹಿಡಿಸುತ್ತಿರಲಿಲ್ಲ.

ಬೆಟಗೇರಿಯಿಂದ ಬಂದ ಮನುಷ್ಯ, ಬಾಯಿ ಮೆಣಸಿನಕಾಯಿ. ನಾನು ಅವರ ಗಾಯನ ತಂಡದಲ್ಲಿ ಆಲ್ಟೊ, ಅಂದರೆ ಹೆಂಗಸರ ಕೆಳದನಿ, ಹಾಡುತ್ತಿದ್ದವಳು. ನನ್ನ ದನಿ ಜನರಿಗೆ ಕೇಳಿಸುವುದೇ ಇಲ್ಲವೆಂದು ಒಮ್ಮೆ ಗೊಣಗಿದೆ. "ಆಲ್ಟೊ ಅಂದ್ರ ಸಾರಿನಾಗಿನ ಉಪ್ಪು, ತಂಗಿ. ಕಾಣಬಾರದು. ಇಲ್ಲಂದ್ರ ಮಾತ್ರ ಎಲ್ಲಾರಿಗೂ ಗೊತ್ತಾಗಬೇಕು" ಎಂದರು.

ಅವರು ಸಭೆಯ ಹಾಡುಗಳಿಗೆ ರಾಗ ಕಟ್ಟುತ್ತಿದ್ದುದು ಕಂಪನಿಯ ಬಸ್ಸಿನಲ್ಲಿ. ಸ್ವಾರಗೇಟದಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತು, ಮೊಣಕಾಲ ಮೇಲೆ ಬೆರಳಾಡಿಸುತ್ತ ಹೋಗುವುದು. ನಮ್ಮ ಹಾಡಿನ ಪುಸ್ತಕದಲ್ಲಿ ಪ್ರತಿ ರಾಗಕ್ಕೂ ಒಂದು ಹೆಸರಿರುತ್ತದೆ, ಬಹಳ ಮಟ್ಟಿಗೆ ಯಾವುದೋ ವಿಲಾಯತಿ ಊರಿನದು. ಮಾಸ್ತರರು ತಮ್ಮ ರಾಗಕ್ಕೆ ಅದು ಹುಟ್ಟಿದ ಸ್ಟಾಪಿನ ಹೆಸರಿಡುತ್ತಿದ್ದರು: ಹಡಪಸರ, ಯವತ, ಪಾಟಸ. ಹೆಂಡತಿ ತೀರಿಕೊಂಡ ವಾರ ಕಟ್ಟಿದ್ದು ಕುರಕುಂಭ. ಸಭೆಯಲ್ಲಿ ಯಾರನ್ನೇ ಮಣ್ಣು ಮಾಡುವಾಗಲೂ ನಾವು ಹಾಡುವುದು ಅದನ್ನೇ.

ಸಭೆ ಹೊಸ ಹಾಡಿನ ಪುಸ್ತಕ ಅಚ್ಚು ಹಾಕಿಸಲು ಹೊರಟಾಗ ಸಮಿತಿಯಲ್ಲಿ ನಾನೂ ಇದ್ದೆ, ಕರಡು ತಿದ್ದುವುದಕ್ಕೆ. ಮಾಸ್ತರರು ತಮ್ಮ ಹನ್ನೊಂದು ರಾಗಗಳನ್ನು ದುಂಡಗೆ ಬರೆದುಕೊಟ್ಟು ಒಂದೇ ಮಾತು ಕೇಳಿಕೊಂಡಿದ್ದರು: ಪ್ರತಿಯೊಂದರ ಮೇಲೆ ರಾಗದ ಹೆಸರು, ಅದರ ಪಕ್ಕ ತಮ್ಮ ಹೆಸರು ಇರಬೇಕು. ದೇವರಿಗೆ ಕೊಟ್ಟದ್ದಕ್ಕೆ ಹೆಸರೇಕೆ ಎಂದರು ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು. ಪರವೂರಿನ ಸಭೆಗಳಿಗೂ ಹೋಗುವ ಪುಸ್ತಕದಲ್ಲಿ ಕಾರ್ಖಾನೆಯ ಊರಿನ ಹೆಸರು ಶೋಭಿಸುವುದಿಲ್ಲ ಎಂದರು ಇನ್ನೊಬ್ಬರು. ಹಿತ್ತಲ ಗಿಡ ಮದ್ದಲ್ಲ. ಹನ್ನೊಂದರ ಮೇಲೂ 'ಪಾರಂಪರಿಕ ರಾಗ' ಎಂದು ಅಚ್ಚಾಯಿತು. ಅವರ ಹೆಸರನ್ನು ಹನ್ನೊಂದು ಸಲ ಕೆಂಪು ಪೆನ್ನಿನಿಂದ ಹೊಡೆದುಹಾಕಿದ ಕೈ ನನ್ನದು. ಮುನ್ನುಡಿಯ ಕೆಳಗೆ ಮಾತ್ರ ಸಮಿತಿಯವರೆಲ್ಲರ ಹೆಸರಿತ್ತು, ನನ್ನದೂ ಇತ್ತು.

ಪುಸ್ತಕ ಕೈಗೆ ಬಂದ ಭಾನುವಾರ ಮಾಸ್ತರರು ಎರಡು ಹಾಡನ್ನು ಎಂದಿನಂತೆ ನುಡಿಸಿದರು. ಮೂರನೆಯದು ಯವತ. ಆರ್ಗನ್ನಿನ ಮುಚ್ಚಳ ಮುಚ್ಚಿ, ಕೈಕಟ್ಟಿ ಕೂತರು. ಏನಾಯಿತೆಂದು ಸಭಾಪಾಲಕರು ಕೇಳಿದಾಗ ಹೇಳಿದರು: "ಪಾರಂಪರಿಕ ಅದಲ್ರಿ. ಅಂದಮ್ಯಾಲೆ ಎಲ್ಲಾರಿಗೂ ಬರತದ. ಹಾಡ್ರಿ."

ಹಾಡಿದೆವು. ಎರಡನೆಯ ಚರಣಕ್ಕೆ ಶ್ರುತಿ ಇಳಿಯಿತು, ಮೂರನೆಯದಕ್ಕೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಅವರ ರಾಗ ಬಂದಾಗಲೆಲ್ಲ ಇದೇ ಆಯಿತು. ಎರಡು ತಿಂಗಳಲ್ಲಿ ಸಮಿತಿ ಒಂದು ಕೀಬೋರ್ಡ್ ತಂದಿತು. ಮಾಸ್ತರರಿಗೆ ಶಾಲು ಹೊದಿಸಿ, ವಯಸ್ಸಾಯಿತು, ವಿಶ್ರಾಂತಿ ತೆಗೆದುಕೊಳ್ಳಿ ಎಂದಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಈಗ ಆರ್ಗನ್ನಿನ ಮೇಲೆ ಹೂಕುಂಡಗಳಿವೆ.

ಕಡೆಯ ಸಲ ಅವರನ್ನು ಕಂಡದ್ದು ಧನಕವಡಿಯ ಅವರ ಎರಡು ಕೋಣೆಯ ಮನೆಯಲ್ಲಿ. ಮನಸ್ಸು ತಡೆಯದೆ, ನನ್ನ ಪುಸ್ತಕದ ಹನ್ನೊಂದು ಪುಟಗಳಲ್ಲೂ ಅವರ ಹೆಸರು ಬರೆದು ತೋರಿಸಲು ಒಯ್ದಿದ್ದೆ. ಕನ್ನಡಕ ಏರಿಸಿ ಒಂದೊಂದೇ ಪುಟ ತಿರುವಿದರು.

"ಅಕ್ಷರ ಚಂದ ಅದ. ಉಳಿದ ಪುಸ್ತಕದಾಗ ಯಾರು ಬರೀತಾರ?"

ಎರಡನೆಯ ಮುದ್ರಣದಲ್ಲಿ ಹಾಕಿಸೋಣ ಎಂದೆ.

"ಆಗಾದ್ರೂ ಸಮಿತಿಯವರ ಮುಂದ ನನ್ನ ಹೆಸರು ಹೇಳ್ತಿ ಏನು?"

"ಹೇಳ್ತೀನ್ರಿ, ಮಾಸ್ತರ."

ಪುಸ್ತಕ ಮಡಚಿ ನನ್ನ ಕೈಗಿಟ್ಟು, ಚಹಾ ಕುಡಿದು ಹೋಗು ಎಂದರು.

ಹೋದ ತಿಂಗಳು ಅವರನ್ನು ಮಣ್ಣು ಮಾಡಿದೆವು. ಕುಣಿಯ ಬಳಿ ಸಭಾಪಾಲಕರು ಪುಸ್ತಕ ತೆರೆದು, ಎಲ್ಲರಿಗೂ ಗೊತ್ತಿರುವ ಪಾರಂಪರಿಕ ರಾಗವೇ, ಕೂಡಿ ಹಾಡೋಣ ಎಂದರು. ಅದು ಕುರಕುಂಭ. ನಾನು ಸಭಾಪಾಲಕರ ಎದುರಿಗೇ ನಿಂತಿದ್ದೆ. ಸಮುವೇಲ ಮಾಸ್ತರರದು ಎನ್ನಲು ಎಷ್ಟು ಹೊತ್ತು ಬೇಕು? ಹಾಡು ಶುರುವಾಯಿತು. ನಾನೂ ಆಲ್ಟೊ ಹಾಡಿದೆ, ಮಾಸ್ತರರು ಕಲಿಸಿದಂತೆಯೇ, ಯಾರಿಗೂ ಕಾಣದ ಹಾಗೆ.