ಪಾರೀಸ ಸರ್ ಬಿಟ್ಟುಕೊಡದ ‘ಅಂತರಾಳ’

ಇಲ್ಲ... ಇನ್ನೂ ನಂಬಲಾಗುತ್ತಿಲ್ಲ.
ಬೆಳಿಗ್ಗೆ ಮಿರಜದ ಆಸ್ಪತ್ರೆಯಿಂದ ಸರ್ ಹೆಂಡತಿ, ನಮ್ಮ ವಹಿನಿಯವರ ಫೋನ್.
ಡಿಸ್ಚಾರ್ಜ್ ಸಿಕ್ಕಿರಬೇಕು ಅಂದುಕೊಂಡೇ ಎತ್ತಿದೆ.
“ಮೇಡಮ್... ಇವ್ರು ಹೋದ್ರರಿ...”

ನಮ್ಮ ಪಾರೀಸ ಸರ್ ಇನ್ನಿಲ್ಲ.

ವಿಶ್ರಾಮಬಾಗದ ಕಾಲೇಜಿನಲ್ಲಿ ಅವರು ಫಿಜಿಕ್ಸ್, ನಾನು ಲೈಬ್ರರಿ.
ಅವರ ಊರು ಮಿರಜದ ಹತ್ತಿರದ ಗಡಿಹಳ್ಳಿ ಆರಗ. ಮನೆಮಾತು ಕನ್ನಡ, ಓದಿದ್ದೆಲ್ಲ ಮರಾಠಿಯಲ್ಲಿ.
ಹಳೆಯ ಇಂಗ್ಲಿಷ್ ಸೈನ್ಸ್ ಫಿಕ್ಷನ್ ಕಥೆಗಳನ್ನು ಆರಿಸಿ ಕನ್ನಡಕ್ಕೆ ತರುವ ಹುಚ್ಚು.
ಒಂದು ಸಂಕಲನಕ್ಕೆ ಒಂದೇ ವಿಷಯ...
ಮೊದಲನೆಯದು ಪೂರ್ತಿ ಚಂದ್ರ. ಆಮೇಲೆ ಮಂಗಳ.
ಈಗ ಅಚ್ಚಿಗೆ ಹೋಗಬೇಕಿದ್ದದ್ದು, ದಾರಿ ತಪ್ಪಿದ ಗಗನನೌಕೆಗಳ ಕಥೆಗಳು.

ಈ ಮಾಲೆಗೆ ಅವರಿಟ್ಟ ಹೆಸರು ‘ಅಂತರಾಳದ ಕಥೆಗಳು’.
ಮರಾಠಿಯಲ್ಲಿ ಅಂತರಾಳ ಅಂದರೆ ಗ್ರಹ, ಚುಕ್ಕಿಗಳಿರುವ ಆಕಾಶ.
ಕನ್ನಡದಲ್ಲಿ ಮನಸ್ಸಿನ ಆಳ.
ಎರಡೂ ಭಾಷೆ ಬೆರೆಸಿ ಆಡುವ ನಮ್ಮ ಕಡೆ ಯಾರಿಗೂ ಈ ವ್ಯತ್ಯಾಸ ಹೊಳೆಯಲೇ ಇಲ್ಲ!
ಧಾರವಾಡದ ಅಂಗಡಿಯೊಂದರಲ್ಲಿ ಪುಸ್ತಕ ಪ್ರೇಮಕಥೆಗಳ ಸಾಲಿಗೆ ಹೋಗಿ ಕೂತಿತು.
“ಮನಸ್ಸಿನ ಮಾತೇ ಇಲ್ಲ, ಬರೀ ರಾಕೆಟ್ಟು” ಅಂತ ಪುಣ್ಯಾತ್ಮರೊಬ್ಬರು ಫೋನ್ ಮಾಡಿ ಬೈದರು.

ಪ್ರಕಾಶಕರು ಬೇಸತ್ತರು. ಮೂರನೆಯದಕ್ಕೆ ‘ಬಾಹ್ಯಾಕಾಶದ ಕಥೆಗಳು’ ಅಂತ ಹಾಕದಿದ್ದರೆ ಅಚ್ಚು ಮಾಡುವುದಿಲ್ಲ ಅಂದರು.
ಇಬ್ಬರ ನಡುವೆ ಓಡಾಡಿ ನಾನೂ ಸುಸ್ತಾದೆ.

ಸರ್...
ಆಸ್ಪತ್ರೆಯ ಮಂಚದ ಮೇಲೂ ನೀವು ಹಟ ಬಿಡಲಿಲ್ಲ.
“ಬಾಹ್ಯ ಅಂದ್ರ ಹೊರಗಿಂದು ಆತಲ್ರಿ ಮೇಡಮ್. ನಮ್ಮವ್ವ ಮಾಳಗಿ ಮ್ಯಾಲ ಮಲಗಿಸ್ಕೊಂಡು ಚುಕ್ಕಿ ತೋರಸ್ತಿದ್ಲು. ಅದು ಹೊರಗಿಂದ ಹೆಂಗ ಆಕೈತಿ? ಅಂತರಾಳ ಅನ್ನೂದು ತಪ್ಪಂದ್ರ ತಪ್ಪ... ಆದ್ರ ಅದು ನಮ್ಮ ಊರ ತಪ್ಪ. ಇರ್ಲಿ ಬಿಡ್ರಿ.”
“ಆತ್ರಿ ಸರ್, ಮೊದ್ಲ ನೀವು ಆರಾಮ ಆಗ್ರಿ” ಅಂದೆ.
ಅದು ಉತ್ತರವಲ್ಲ ಅಂತ ನಿಮಗೆ ಗೊತ್ತಾಯಿತು. ಸುಮ್ಮನೆ ನಕ್ಕಿರಿ.

ನಿಮ್ಮ ಮನೆಯಿಂದ ಈಗಷ್ಟೇ ಬಂದು ಕೂತಿದ್ದೇನೆ.
ಅಳುವುದಕ್ಕೂ ತ್ರಾಣವಿಲ್ಲ...

ಪ್ರಕಾಶಕರ ಮೆಸೇಜ್ ಬಂದಿದೆ. ಸಂತಾಪ ಹೇಳಿದ್ದಾರೆ.
ಕೆಳಗೆ ಒಂದು ಸಾಲು: ‘ಇನ್ನು ಹೆಸರು ಬದಲಿಸಬಹುದಲ್ಲವೇ?’

‘ಆಗುವುದಿಲ್ಲ’ ಅಂತ ಬರೆದೆ.
‘ಅದೇ ಹೆಸರಲ್ಲಿ ಹಾಕಿ. ಇಲ್ಲದಿದ್ದರೆ ಹಸ್ತಪ್ರತಿ ವಾಪಸ್ ಕಳಿಸಿ, ನಾನೇ ಅಚ್ಚು ಹಾಕಿಸುತ್ತೇನೆ.’

ಇನ್ನು ನೀವು ಯಾರ ಜೊತೆಗೂ ವಾದ ಮಾಡಬೇಕಾಗಿಲ್ಲ ಸರ್.
ಆ ಕೆಲಸ ನನಗಿರಲಿ.
ನಿಮ್ಮ ಜೀವ ಇನ್ನಾದರೂ ಶಾಂತವಾಗಿರಲಿ...